ಮೊಳೆಗೆ ತೂಗಿದ್ದ ಬೀಗದ ಕೈ

ಮುನಿಯಕ್ಕನ ಎಡಗಣ್ಣು ಹೋಯಿತು. ಹರಿದ ಕೆನ್ನೆ ಈಗ ಹೊಲಿಗೆಯ ಮೇಲೆ ನಿಂತಿದೆ. ಬಾಯಿ ಅರ್ಧ ಮಾತ್ರ ತೆರೆಯುತ್ತದೆ. ಮಾಡಿದ್ದು ಕರಡಿ. ಕರಡಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಎರಡು ಮರಿಗಳ ತಾಯಿ. ಬಂಡೆ ಸಂದಿಯಲ್ಲಿ ಮಲಗಿತ್ತು. ಸದ್ದಿಲ್ಲದೆ ಒಬ್ಬಳು ಎದುರಿಗೆ ಬಂದಳು. ಹೆದರಿತು, ಎದ್ದು ಹೊಡೆಯಿತು.

ನನ್ನ ಸಿಟ್ಟೆಲ್ಲ ಒಂದು ಕಾಗದದ ಮೇಲೆ. ಮುನಿಯಕ್ಕ ನಾಲ್ಕನೇ ನಿಯಮ ಮುರಿದಳು, ಆದ್ದರಿಂದ ಆದದ್ದಕ್ಕೆಲ್ಲ ಅವಳೇ ಹೊಣೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸಾಕ್ಷಿ ಎಂದು ನನ್ನ ಹೆಸರು ಟೈಪ್ ಮಾಡಿತ್ತು. ಗಂಗಾದೇವಿ, ಕ್ಲೀನಿಂಗ್. ನಾನು ಸಹಿ ಹಾಕುವುದೊಂದೇ ಬಾಕಿ ಇತ್ತು.

ಆಂಧ್ರದ ಕಲ್ಯಾಣದುರ್ಗದಲ್ಲಿ ಶೇರ್ ಜೀಪು ಹತ್ತಿ ಮುಕ್ಕಾಲು ಗಂಟೆ ಬಂದರೆ ನಮ್ಮ ಗುಡ್ಡ. ಅದರ ಮೇಲೆ ಹದಿನೆಂಟು ಫ್ಯಾನು. ಗಾಳಿಗೆ ತಿರುಗಿ ಕರೆಂಟು ಮಾಡುವ ಫ್ಯಾನು. ಬುಡದಲ್ಲಿ ನಿಂತು ತಲೆಯೆತ್ತಿದರೆ ಕುತ್ತಿಗೆ ನೋಯುತ್ತದೆ. ಗುಡ್ಡದ ಕೆಳಗೆ ಕಂಪನಿಯ ಆಫೀಸು. ಗೇಟು ಕಾಯುವುದು, ಜೀಪು ಓಡಿಸುವುದು, ಸ್ಟೋರು ನೋಡಿಕೊಳ್ಳುವುದು ಊರ ಗಂಡಸರ ಪಾಲು. ಊರಾಚೆಗಿನ ನಮ್ಮ ಕಾಲನಿಯ ಒಂಬತ್ತು ಹೆಂಗಸರಿಗೆ ಕುಡುಗೋಲು ಮತ್ತು ಹುಲ್ಲು.

ಪ್ರತಿ ಫ್ಯಾನಿನ ಸುತ್ತ ಮೂವತ್ತು ಹೆಜ್ಜೆ ಹುಲ್ಲು ಇರಬಾರದು. ಬೆಂಕಿ ಬಿದ್ದರೆ ಯಂತ್ರಕ್ಕೆ ತಗಲುತ್ತದಂತೆ. ಹದಿನೆಂಟನೆಯದು ಮುಗಿಸುವ ಹೊತ್ತಿಗೆ ಮೊದಲನೆಯದರ ಸುತ್ತ ಮತ್ತೆ ಮೊಣಕಾಲೆತ್ತರ ಬಂದಿರುತ್ತದೆ. ಬಗ್ಗಿದ ಬೆನ್ನು ಮಧ್ಯಾಹ್ನದವರೆಗೆ ನೆಟ್ಟಗಾಗುವುದಿಲ್ಲ. ಒಣಹುಲ್ಲಿನ ಅಂಚು ಬೆರಳು ಸೀಳುತ್ತದೆ. ರಾತ್ರಿ ಮುದ್ದೆ ಮುರಿಯುವಾಗ ಆ ಗಾಯಗಳೆಲ್ಲ ಬಿಸಿಗೆ ಉರಿಯುತ್ತವೆ.

ಆ ಗುಡ್ಡದಲ್ಲಿ ಕರಡಿಗಳು ನಮ್ಮ ಅಜ್ಜಿಯರ ಕಾಲದಿಂದಲೂ ಇವೆ. ಬಂಡೆ ಸಂದಿ, ಹುತ್ತ, ಸೀತಾಫಲದ ಗಿಡ, ಎಲ್ಲಾ ಅವುಗಳದ್ದೇ. ಕಂಪನಿ ಬಂಡೆ ಸಿಡಿಸಿ ರಸ್ತೆ ಮಾಡಿತು. ಅವುಗಳ ದಾರಿ ತುಂಡಾಯಿತು. ಅವಕ್ಕೆ ಯಾರೂ ನೋಟಿಸ್ ಕೊಡಲಿಲ್ಲ.

ಕರಡಿಯ ಬಗ್ಗೆ ನಮಗೆ ಹೇಳಿಕೊಟ್ಟವಳು ಮುನಿಯಕ್ಕ. ಐವತ್ತು ದಾಟಿದ ಹೆಂಗಸು. ಚಿಕ್ಕವಳಿದ್ದಾಗ ತಾಯಿಯ ಜೊತೆ ಇದೇ ಗುಡ್ಡ ಹತ್ತಿ ಸೀತಾಫಲ ಕಿತ್ತು ಕಲ್ಯಾಣದುರ್ಗದ ಸಂತೆಗೆ ಹೊತ್ತವಳು. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಕೂರಿಸಿಕೊಂಡು ಹೇಳಿದ್ದಳು.

"ಅದುಕ್ಕೆ ಕಣ್ಣು ಮಂದ, ಕಿವಿ ಮಂದ ಕಣಮ್ಮ. ಮೂಗೊಂದೇ ಚುರುಕು. ತಿನ್ನಾಕೆ ಕುಂತ್ರೆ ಏನೂ ಕೇಳ್ಸಾಕಿಲ್ಲ. ನಾವಾಗೇ ದೂರದಿಂದ ಹೇಳ್ಬೇಕು, ಬತ್ತಾ ಇದೀವಿ ಅಂತ. ಅದು ಎದ್ದೋಯ್ತದೆ. ಬೆಚ್ಚಿ ಬೀಳಿಸ್ಬಾರ್ದು, ಅಷ್ಟೇ."

ಬೆಳಿಗ್ಗೆ ಗುಡ್ಡ ಹತ್ತುವಾಗ ಅವಳೇ ಮುಂದೆ. ಎಡಗೈಯಲ್ಲಿ ಊಟದ ಸ್ಟೀಲ್ ತಟ್ಟೆ, ಬಲಗೈಯಲ್ಲಿ ಕುಡುಗೋಲು. ಕುಡುಗೋಲಿನ ಹಿಡಿಯಿಂದ ತಟ್ಟೆ ಬಡಿಯುತ್ತಾ ಕೂಗುತ್ತಿದ್ದಳು. "ಹೋ... ಬತ್ತಾ ಇದೀವಪ್ಪಾ! ದಾರಿ ಬಿಡಪ್ಪಾ, ದಾರಿ ಬಿಡು!" ಹಿಂದೆ ನಾವು ಎಂಟು ಜನ, ಎಂಟು ತಟ್ಟೆ. ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಹೋಗುವಾಗಲೂ ಹಾಗೆಯೇ. ನಮ್ಮ ಸೂಪರ್‌ವೈಸರ್ ಆದಿನಾರಾಯಣ ಕೆಳಗಿನಿಂದ ಫೋನ್ ಮಾಡಿ ಬೈಯುತ್ತಿದ್ದ. "ಏಮ್ಮಾ, ಪನಿ ಚೇಸ್ತಾರಾ, ಜಾತರ ಚೇಸ್ತಾರಾ? ಕೆಲ್ಸ ಮಾಡ್ತೀರೋ, ಜಾತ್ರೆ ಮಾಡ್ತೀರೋ?" ಬೈದುಕೊಳ್ಳಲಿ ಎಂದು ನಾವು ಬಡಿಯುತ್ತಲೇ ಇದ್ದೆವು. ಎರಡು ವರ್ಷ ಒಬ್ಬಳಿಗೂ ಒಂದು ಗೀರು ಬೀಳಲಿಲ್ಲ.

ಆದರೆ ಒಂದು ಹೊತ್ತಿನಲ್ಲಿ ಮಾತ್ರ ನಾವು ತಟ್ಟೆ ಬಡಿಯುತ್ತಿರಲಿಲ್ಲ. ಹೊರಕಡೆಗೆ ಹೋಗುವಾಗ.

ಫ್ಯಾನಿನ ಬುಡದಲ್ಲಿ ಯಾವಾಗಲೂ ಇಬ್ಬರೋ ಮೂವರೋ ಗಂಡಸರು. ಜೀಪಿನ ಡ್ರೈವರ್ ಓಬಣ್ಣ, ರಿಪೇರಿಯವರು. ಒಬ್ಬಳು ನೀರಿನ ಬಾಟಲಿ ಹಿಡಿದು ಎದ್ದಳೆಂದರೆ ಸಾಕು, "ಟೂರ್ ಹೊರಟ್ಳು ನೋಡ್ಲಾ" ಎಂದು ನಗುತ್ತಿದ್ದರು. ಯಾವ ಕಡೆ ಹೋದಳು, ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕುತ್ತಿದ್ದರು. ಅದಕ್ಕೇ ನಾವು ಬಾಟಲಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ತಟ್ಟೆ ಕೆಳಗಿಟ್ಟು, ಕೆಮ್ಮದೆ, ಯಾರಿಗೂ ಹೇಳದೆ ಜಾರುತ್ತಿದ್ದೆವು. ಒಬ್ಬಳು ಹೊರಟರೆ ಉಳಿದವರು ನೋಡದವರ ಹಾಗೆ ಮುಖ ತಿರುಗಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದೆ. ದಿನವಿಡೀ ಸದ್ದು ಮಾಡುವ ಹೆಂಗಸರು, ಪೊದೆಯೊಳಗೆ, ಬಂಡೆ ಸಂದಿಗೆ, ಕರಡಿ ಮಲಗುವ ಜಾಗಕ್ಕೇ ಸದ್ದಿಲ್ಲದೆ ಹೋಗುತ್ತಿದ್ದೆವು.

ಕೆಳಗೆ ಆಫೀಸಿನಲ್ಲಿ ಟಾಯ್ಲೆಟ್ ಇತ್ತು. ಬಿಳಿ ಟೈಲ್ಸು, ಕಮೋಡು, ಕನ್ನಡಿ, ಸೋಪು. ಅದನ್ನು ದಿನವೂ ತೊಳೆಯುವವಳು ನಾನು.

ಬೆಳಿಗ್ಗೆ ಎಂಟೂವರೆಗೆ ಆದಿನಾರಾಯಣನ ಕುರ್ಚಿಯ ಹಿಂದಿನ ಮೊಳೆಯಿಂದ ಬೀಗದ ಕೈ ತೆಗೆಯಬೇಕು. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿತ್ತು. ಆಸಿಡ್ ಹಾಕಬೇಕು, ಬಗ್ಗಬೇಕು, ಉಜ್ಜಬೇಕು. ನೆಲ ಒರೆಸಬೇಕು. ಬೀಗ ಹಾಕಿ ಬೀಗದ ಕೈ ಮತ್ತೆ ಮೊಳೆಗೆ ತೂಗಿ, ಕುಡುಗೋಲು ತೆಗೆದುಕೊಂಡು ಗುಡ್ಡ ಹತ್ತಬೇಕು. ಅವರ ಹೊಲಸು ಉಜ್ಜುವುದಕ್ಕೆ ನಾನು ಒಳಗೆ ಹೋಗಬಹುದಿತ್ತು. ಕೂರುವಂತಿರಲಿಲ್ಲ.

ಸೇರಿದ ಹೊಸದರಲ್ಲಿ ಒಂದು ಸಲ ಕೂತೆ. ತಿಂಗಳ ಮೂರು ದಿನ ನಡೆಯುತ್ತಿತ್ತು, ಬೇರೆ ದಾರಿ ಇರಲಿಲ್ಲ. ಹೊರಗೆ ಬಂದಾಗ ಆದಿನಾರಾಯಣ ಬಾಗಿಲಲ್ಲೇ ನಿಂತಿದ್ದ. ಅಂಗಳದಲ್ಲಿ ಆರು ಜನ ಗಂಡಸರು ಟೀ ಕುಡಿಯುತ್ತಿದ್ದರು.

"ಎರ್ಡು ಸಲ ಯಾಕಮ್ಮಿ ನೀರು ಬಿಟ್ಟೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. "ತೊಳ್ದಿದ್ದುಕ್ಕೆ ಒಂದ್ ಸಲ. ಇನ್ನೊಂದ್ ಸಲ ಯಾತಕ್ಕೆ?"

ಯಾರೋ ಟೀ ಬಾಯಲ್ಲಿಟ್ಟುಕೊಂಡೇ ನಕ್ಕರು.

"ತೊಳ್ಯಾಕೆ ಬಂದೋಳು ತೊಳ್ದು ಹೋಗ್ಬೇಕು. ಹೋಗು, ಇನ್ನೊಂದ್ಕಿತ ಆಸಿಡ್ ಹಾಕಿ ತೊಳಿ" ಎಂದ.

ನಾನು ಕೂತ ಜಾಗವನ್ನು ನಾನೇ ಇನ್ನೊಮ್ಮೆ ತೊಳೆದೆ. ಅವರೆಲ್ಲ ನೋಡುತ್ತಾ ನಿಂತಿದ್ದರು. ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಅಂದಿನಿಂದ ನಾನು ಅಲ್ಲಿ ಕೂರಲಿಲ್ಲ. ಬೇರೆ ಯಾರನ್ನೂ ಒಳಗೆ ಬಿಡಲೂ ಇಲ್ಲ.

ಈ ವರ್ಷ ಜೂನ್ ತಿಂಗಳಲ್ಲಿ ಹಿಂದೂಪುರದ ಆಫೀಸಿನಿಂದ ಸೇಫ್ಟಿ ಆಫೀಸರು ಬಂದರು. ಭಾನುಪ್ರಕಾಶ್ ಎಂದು ಹೆಸರು. ಇಸ್ತ್ರಿ ಮಾಡಿದ ಅಂಗಿ, ಹಳದಿ ಹೆಲ್ಮೆಟ್ಟು. ಕರಡಿಯಿಂದ ಹೇಗೆ ಹುಷಾರಾಗಿರಬೇಕು ಎಂದು ನಮಗೆ ತರಬೇತಿಯಂತೆ. ಊರವರು ಕುರ್ಚಿಯಲ್ಲಿ ಕೂತರು, ನಾವು ನೆಲದಲ್ಲಿ. ಗೋಡೆಗೆ ಒಂದು ಫ್ಲೆಕ್ಸ್ ಕಟ್ಟಿದರು. ಅದರಲ್ಲಿದ್ದ ಕರಡಿ ಕಂದು ಬಣ್ಣದ್ದು. ಹಿಂದೆ ಹಿಮದ ಬೆಟ್ಟ. ಹೊಳೆಯಲ್ಲಿ ನಿಂತು ಮೀನು ಹಿಡಿಯುತ್ತಿತ್ತು.

"ಇದ್ಯಾವ ದೇಶದ್ದು ಸಾರ್? ನಮ್ದು ಕರ್‍ರಗೆ ಇರ್ತದೆ" ಎಂದಳು ಬೀರಕ್ಕ. ಬೀರಕ್ಕನಿಗೆ ಬಾಯಿ ಜಾಸ್ತಿ.

"ಎಲ್ಲಾ ಎಲುಗುಬಂಟಿನೂ, ಎಲ್ಲಾ ಕರಡಿನೂ ಒಂದೇಮ್ಮಾ" ಎಂದರು ಆಫೀಸರು.

ನಿಯಮಗಳು ತೆಲುಗಿನಲ್ಲಿದ್ದವು. ಓದಿ ಕನ್ನಡದಲ್ಲಿ ಹೇಳಿದರು. ಒಬ್ಬರೇ ಓಡಾಡಬಾರದು. ಸದ್ದು ಮಾಡಿಕೊಂಡು ನಡೆಯಬೇಕು. ಊಟದ ಎಂಜಲು ಬಿಸಾಡಬಾರದು. ನಾಲ್ಕನೆಯದು, ಪೊದೆಗೆ, ಬಂಡೆ ಸಂದಿಗೆ ಹೋಗಕೂಡದು, ಕಂಪನಿಯ ಟಾಯ್ಲೆಟ್ಟನ್ನೇ ಬಳಸಬೇಕು.

ಬೀರಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮುನಿಯಕ್ಕ ನಗಲಿಲ್ಲ. ಎದ್ದು ನಿಂತಳು.

"ಅದ್ರ ಬೀಗದ ಕೈ ನಮ್ಗೆ ಕೊಡಾಕಿಲ್ಲ ಸಾರ್. ಎರ್ಡು ವರ್ಸದಿಂದ ಕೇಳ್ತಾನೇ ಇದೀವಿ."

ಆಫೀಸರು ಆದಿನಾರಾಯಣನ ಕಡೆ ನೋಡಿದರು.

"ಇರೋದೇ ಒಂದು ಸಾರ್, ಸ್ಟಾಫ್‌ಗೇ ಸಾಲಲ್ಲ. ಈ ಕಾಲನಿಯೋರು ಒಂಬತ್ತು ಜನ ನುಗ್ಗಿದ್ರೆ ಗಲೀಜು ಮಾಡ್ಬುಡ್ತಾರೆ" ಎಂದ ಅವನು.

"ಸರಿ, ನೋಟ್ ಮಾಡ್ಕೊತೀನಿ" ಎಂದು ಆಫೀಸರು ಜೇಬಿನ ನೀಲಿ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು. ಆಮೇಲೆ ರಿಜಿಸ್ಟರ್ ಬಂತು. ತರಬೇತಿ ಅರ್ಥವಾಗಿದೆ ಎಂದು ಎಂಟು ಹೆಬ್ಬೆಟ್ಟು, ಒಂದು ಸಹಿ. ಸಹಿ ನನ್ನದು. ನನ್ನ ತವರು ಅಮರಾಪುರದ ಕಡೆ. ಅಲ್ಲಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ನಮಗೆಲ್ಲ ಒಂದೊಂದು ಕೆಂಪು ವಿಸಲ್ ಕೊಟ್ಟು, ಬಾಯಿಗಿಟ್ಟುಕೊಳ್ಳಿ ಎಂದು ಫೋಟೋ ತೆಗೆದರು. ಫೋಟೋ ಆದ ಮೇಲೆ ವಿಸಲ್ ವಾಪಸ್ ತೆಗೆದುಕೊಂಡರು. ಮುಂದಿನ ಸೈಟಿಗೆ ಬೇಕಂತೆ.

ಸೀತಾಫಲ ಹಣ್ಣಾಗುವ ಹೊತ್ತಿಗೆ ಅದು ನಡೆಯಿತು. ಆ ಬೆಳಿಗ್ಗೆ ನಾನು ಟಾಯ್ಲೆಟ್ ತೊಳೆದು ಬಾಗಿಲು ಎಳೆಯುತ್ತಿದ್ದೆ. ಮುನಿಯಕ್ಕ ಹೊಟ್ಟೆ ಹಿಡಿದುಕೊಂಡು ಬಂದಳು.

"ಗಂಗಾ, ಒಂದ್ಕಿತ ಬಿಡಮ್ಮ. ರಾತ್ರಿಯಿಂದ ಹೊಟ್ಟೆ ಕೆಟ್ಬುಟ್ಟೈತೆ."

ನಾನು ಅಂಗಳದ ಕಡೆ ನೋಡಿದೆ. ಆದಿನಾರಾಯಣ ಗೇಟಿನ ಹತ್ತಿರ ಬೈಕು ನಿಲ್ಲಿಸುತ್ತಿದ್ದ.

"ಅವ್ನು ಬಂದ್ಬುಟ್ಟ ಅಕ್ಕಾ. ನಾಳೆ ನೋಡಾನ" ಎಂದೆ.

ಹೊಟ್ಟೆ ಕೆಟ್ಟವಳಿಗೆ ನಾಳೆ ಎಂದೆ. ಬೀಗ ಹಾಕಿದೆ. ಬೀಗದ ಕೈ ಮೊಳೆಗೆ ತೂಗಿದೆ. "ಆಯ್ತು ಬಿಡು" ಎಂದಷ್ಟೇ ಮುನಿಯಕ್ಕ ಹೇಳಿದಳು. ತಟ್ಟೆ ಬಡಿಯುತ್ತಾ ಎಲ್ಲರಿಗಿಂತ ಮುಂದೆ ಗುಡ್ಡ ಹತ್ತಿದಳು.

ಹತ್ತೂವರೆ ಇರಬಹುದು. ಹನ್ನೊಂದನೇ ಫ್ಯಾನಿನ ಹತ್ತಿರ ಹುಲ್ಲು ಕೊಯ್ಯುತ್ತಿದ್ದೆವು. ಓಬಣ್ಣ ಮತ್ತು ಇಬ್ಬರು ರಿಪೇರಿಯವರು ಫ್ಯಾನಿನ ಬುಡದ ಮೆಟ್ಟಿಲ ಮೇಲೆ ಕೂತಿದ್ದರು. ಮುನಿಯಕ್ಕ ತಟ್ಟೆಯನ್ನು ಸದ್ದಾಗದ ಹಾಗೆ ಹುಲ್ಲಿನ ಮೇಲಿಟ್ಟಳು. ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಬಾಟಲಿ ಒಳಗೆ ಸೇರಿಸಿಕೊಂಡಳು. ನಾನು ನೋಡಿದೆ. ನೋಡಿ ಮುಖ ತಿರುಗಿಸಿಕೊಂಡೆ.

ಮೊದಲು ಕೇಳಿದ್ದು ಕರಡಿಯ ಅರಚಾಟ. ಮುನಿಯಕ್ಕನ ಕೂಗು ಆಮೇಲೆ ಬಂತು, ಬಂದು ಅರ್ಧಕ್ಕೆ ನಿಂತಿತು. ನಾವು ತಟ್ಟೆ, ಕುಡುಗೋಲು ಹಿಡಿದು ಓಡಿದೆವು. ಬಡಿದೆವು, ಕಿರುಚಿದೆವು, ಕಲ್ಲು ತೂರಿದೆವು. ಅದು ಅವಳ ಮೇಲೆ ಕೂತಿತ್ತು. ಮರಿಗಳೆರಡು ಬಂಡೆಯ ಹಿಂದಕ್ಕೆ ಓಡಿದವು. ಅವುಗಳ ಹಿಂದೆ ತಾಯಿಯೂ ಹೋಯಿತು.

ಕೆನ್ನೆ ಕೆಳಗೆ ಜೋತು ಬಿದ್ದಿತ್ತು. ನಾನು ಅಂಗೈಯಿಂದ ಅದನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡೆ. ರಕ್ತ ಬಿಸಿಯಾಗಿತ್ತು, ನನ್ನ ಮೊಣಕೈವರೆಗೆ ಇಳಿಯಿತು. ಮುನಿಯಕ್ಕ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಳು ಗೊತ್ತೆ? ಎರಡೂ ಕೈಯಿಂದ ಸೀರೆ ಹುಡುಕುತ್ತಿದ್ದಳು. ಮೇಲೆತ್ತಿದ್ದ ಸೀರೆಯನ್ನು ಕಾಲಿಗೆ ಎಳೆದುಕೊಳ್ಳುತ್ತಿದ್ದಳು. ಗಂಡಸರ ಹೆಜ್ಜೆ ಸದ್ದು ಅವಳಿಗೆ ಕೇಳಿಸಿತ್ತು. ಬೀರಕ್ಕ ಮೊದಲು ಅವಳ ಕಾಲು ಮುಚ್ಚಿದಳು. ಆಮೇಲೆ ನಾವು ಗಾಯ ಕಟ್ಟಿದೆವು.

"ಜೀಪು ತತ್ತಾ ಓಬಣ್ಣಾ!" ಎಂದು ಕೂಗಿದೆ.

ಓಬಣ್ಣ ಆದಿನಾರಾಯಣನಿಗೆ ಫೋನ್ ಮಾಡಿದ. ಕೇಳಿಸಿಕೊಂಡ. ನೆಲ ನೋಡುತ್ತಾ ಹೇಳಿದ. "ನೂರಾ ಎಂಟಕ್ಕೆ ಮಾಡು ಅಂತಾವ್ನೆ ಕಣಕ್ಕ. ಸೀಟಿಗೆ ಮೊನ್ನೆ ಹೊಸಾ ಕವರ್ ಹಾಕ್ಸವ್ರೆ. ಸಾರ್‌ಗಳು ಬತ್ತಾರಂತೆ."

ಆಂಬುಲೆನ್ಸು ಗುಡ್ಡ ಹತ್ತುವುದಿಲ್ಲ. ಹುಲ್ಲು ಕಟ್ಟುವ ಟಾರ್ಪಾಲಿನ ಮೇಲೆ ಅವಳನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದೆವು. ಎರಡು ಕಿಲೋಮೀಟರು. ಕೈ ಸೋತಾಗ ಮೂಲೆ ಬದಲಾಯಿಸಿದೆವು. ನಾನು ಮಾತ್ರ ಕೆನ್ನೆ ಬಿಡಲಿಲ್ಲ, ಪಕ್ಕದಲ್ಲಿ ಬಗ್ಗಿಕೊಂಡೇ ನಡೆದೆ. ಖಾಲಿ ಜೀಪು ನಮ್ಮ ಹಿಂದೆ ನಿಧಾನವಾಗಿ ಬರುತ್ತಿತ್ತು. ಮುಂದೆ ಹೋಗಲು ಓಬಣ್ಣನಿಗೆ ನಾಚಿಕೆಯಾಯಿತೇನೋ. ರಸ್ತೆಯಲ್ಲಿ ಕಡಲೆಕಾಯಿ ಮೂಟೆಯ ಆಟೋದವನೊಬ್ಬ ಮೂಟೆ ಇಳಿಸಿ ಅವಳನ್ನು ಹತ್ತಿಸಿಕೊಂಡ. ಕಲ್ಯಾಣದುರ್ಗದ ಆಸ್ಪತ್ರೆಯಲ್ಲಿ ಆಗುವುದಿಲ್ಲ ಎಂದರು. ಅನಂತಪುರಕ್ಕೆ ಕಳಿಸಿದರು.

ಏಳನೇ ದಿನ ನಾನು ನೋಡಲು ಹೋದೆ. ಮುಖವೆಲ್ಲ ಬಟ್ಟೆ. ಒಂದು ಕಣ್ಣು ಮಾತ್ರ ಹೊರಗೆ. ನಾನು ಮಂಚದ ಕಂಬಿ ಹಿಡಿದುಕೊಂಡು ಅತ್ತೆ. "ಬೀಗ ತಗೀಲಿಲ್ಲ ನಾನು. ನನ್ನ ಬೈಯಕ್ಕಾ" ಎಂದೆ. ಅವಳು ಬೈಯಲಿಲ್ಲ. ಬಾಯಿಯ ಒಂದು ಮೂಲೆಯಿಂದ ತಡೆತಡೆದು ಮಾತಾಡಿದಳು.

"ತಟ್ಟೆ ಇತ್ತು ಕಣೆ... ಒಂದ್ ಸಲ ಬಡ್ದಿದ್ರೆ ಅದು ಎದ್ದೋಯ್ತಿತ್ತು... ಅವ್ರು ಕುಂತಿದ್ರಲ್ಲ ಅಲ್ಲಿ. ನಾಚ್ಕೆ ಆಯ್ತು ಗಂಗಾ. ಹೇಲಾಕೆ ಹೋಗೋಳು ಹೆಂಗೆ ತಟ್ಟೆ ಬಡೀಲಿ?"

ಮರಳಿ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೊಂದೇ ಮಾತು.

ಒಂಬತ್ತನೇ ದಿನ ಭಾನುಪ್ರಕಾಶ್ ಮತ್ತೆ ಹಿಂದೂಪುರದಿಂದ ಬಂದರು. ನನ್ನನ್ನು ಆಫೀಸಿನೊಳಗೆ ಕರೆದರು. ಕೂರಮ್ಮಾ ಎಂದರು. ಎರಡು ವರ್ಷದಲ್ಲಿ ಮೊದಲ ಸಲ ನನಗೆ ಕುರ್ಚಿ ಹಾಕಿದರು. ಟೀ ಕೊಡಿಸಿದರು. ಅವರಿಗೆ ಪಿಂಗಾಣಿ ಕಪ್ಪು, ನನಗೆ ಪೇಪರ್ ಲೋಟ. ಆದಿನಾರಾಯಣ ತನ್ನ ಕುರ್ಚಿಯಲ್ಲಿ ಕೂತಿದ್ದ. ಅವನ ತಲೆಯ ಹಿಂದೆ ಮೊಳೆ, ಮೊಳೆಯಲ್ಲಿ ಕೆಂಪು ರಿಬ್ಬನ್ನು.

ಕಾಗದ ಇಂಗ್ಲಿಷಿನಲ್ಲಿತ್ತು. ಆಫೀಸರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಮುನಿಯಕ್ಕನಿಗೆ ಜೂನ್‌ನಲ್ಲಿ ತರಬೇತಿ ಕೊಟ್ಟಿದೆ, ಹೆಬ್ಬೆಟ್ಟು ಇದೆ. ಕಂಪನಿಯ ಟಾಯ್ಲೆಟ್ ಪ್ರತಿದಿನ ಶುಚಿಯಾಗಿ, ಬಳಸಲು ಸಿದ್ಧವಾಗಿತ್ತು. ಅದನ್ನು ತೊಳೆಯುವ ಗಂಗಾದೇವಿಯೇ ಇದಕ್ಕೆ ಸಾಕ್ಷಿ. ಹಾಗಿದ್ದೂ ಮುನಿಯಕ್ಕ ತನ್ನಿಷ್ಟದಂತೆ ಪೊದೆಗೆ ಹೋಗಿ ನಾಲ್ಕನೇ ನಿಯಮ ಮುರಿದಿದ್ದಾಳೆ.

"ಇಷ್ಟೇ ಕಣಮ್ಮಾ. ಬರೀ ಫಾರ್ಮಾಲಿಟಿ."

"ಇದುಕ್ಕೆ ಸಯಿ ಹಾಕಿದ್ರೆ ಮುನಿಯಕ್ಕನ ಗತಿ ಏನು ಸಾರ್?"

"ಕಂಪನಿ ಕಡೆಯಿಂದ ತಪ್ಪಿಲ್ಲ ಅಂತ ಕೇಸ್ ಕ್ಲೋಸ್ ಆಗುತ್ತೆ. ಮಿಕ್ಕಿದ್ದು ಅವಳ ಮನೆಯೋರು ನೋಡ್ಕೋಬೇಕು."

ಅವಳ ಮನೆಯವರು ಎಂದರೆ ಅವಳೊಬ್ಬಳೇ. ಅದು ಆ ಕಾಗದದಲ್ಲಿ ಇರಲಿಲ್ಲ.

"ಸಂತಕಂ ಪೆಟ್ಟಮ್ಮಾ, ಸಯಿ ಹಾಕು" ಎಂದು ಆದಿನಾರಾಯಣ ಪೆನ್ನು ಮುಂದೆ ತಳ್ಳಿದ. ನಾನು ಪೆನ್ನು ಮುಟ್ಟಲಿಲ್ಲ.

ಆಫೀಸರು ಚಿಕ್ಕ ಮಗುವಿಗೆ ಕೇಳುವಂತೆ ಕೇಳಿದರು. "ಟಾಯ್ಲೆಟ್ ಕ್ಲೀನ್ ಇತ್ತೋ ಇಲ್ವೋ?"

"ಇತ್ತು ಸಾರ್. ನಾನೇ ತೊಳ್ದಿದ್ದೆ."

"ಮತ್ತೆ ಇದರಲ್ಲಿ ಸುಳ್ಳೇನಿದೆ?"

"ಬೀಗ ಹಾಕಿತ್ತು."

"ಬೀಗ ಸೆಕ್ಯೂರಿಟಿಗೆ. ಬೀಗದ ಕೈ ನಿನ್ನ ಹತ್ತಿರ ಇತ್ತಲ್ಲ. ಅವಳು ಕೇಳಿದ್ರೆ ಕೊಡ್ತಿದ್ದೆ ತಾನೇ?"

ಹೌದು ಎಂದರೆ ಮುಗಿಯಿತು. ಟೀ ಕುಡಿದು ಎದ್ದು ಬರಬಹುದು. ನಾಳೆಯೂ ಕೆಲಸ ಇರುತ್ತದೆ. ನನ್ನ ಅಂಗೈಗೆ ಮುನಿಯಕ್ಕನ ಕೆನ್ನೆಯ ಬಿಸಿ ಮತ್ತೆ ತಗಲಿದ ಹಾಗಾಯಿತು.

"ಕೇಳಿದ್ಲು ಸಾರ್. ಅವತ್ತು ಬೆಳಿಗ್ಗೇನೇ ಕೇಳಿದ್ಲು. ನಾನು ಕೊಡ್ಲಿಲ್ಲ."

ಆಫೀಸರು ಪೆನ್ನಿನ ಮುಚ್ಚಳ ಹಾಕಿದರು. ಆದಿನಾರಾಯಣ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟ. ಅವನ ಮುಖ ಅರಳಿತ್ತು.

"ನೋಡಿದ್ರಾ ಸಾರ್! ಅವ್ಳೇ ಒಪ್ಕೊಂಡ್ಲು. ಇದು ಇವ್ಳ ತಪ್ಪು. ಬೇರೆ ಕಾಗ್ದ ಮಾಡಿ, ಇವ್ಳ ಮೇಲೆ ಬರೀರಿ. ಇಬ್ರೂ ಒಂದೇ ಕಾಲನಿಯೋರು, ಅವ್ರವ್ರೇ ಬಡಿದಾಡ್ಕೊಳ್ಳಿ."

"ಹಾಗೆ ಬರೆದ್ರೆ ನಿನ್ನ ಕೆಲಸ ಹೋಗುತ್ತೆ ಗಂಗಾದೇವಿ. ಪೊಲೀಸ್ ಕೇಸೂ ಆಗ್ಬಹುದು. ಯೋಚನೆ ಮಾಡು. ಇದಕ್ಕೆ ಸೈನ್ ಹಾಕಿದ್ರೆ ಯಾರಿಗೂ ತೊಂದರೆ ಇಲ್ಲ" ಎಂದರು ಆಫೀಸರು.

ಯಾರಿಗೂ ಎನ್ನುವುದರಲ್ಲಿ ಮುನಿಯಕ್ಕ ಇರಲಿಲ್ಲ. ಆಗ ನನಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷದ ಆಸಿಡ್ಡಿನ ಹೊಗೆಯೆಲ್ಲ ಗಂಟಲಿಗೆ ಬಂತು.

"ಬರೀರಿ ಸಾರ್. ನೀವ್ಯಾಕೆ ತ್ರಾಸ ತಗೋತೀರ, ಖಾಲಿ ಹಾಳೆ ಕೊಡಿ. ನಾನೇ ಬರೀತೀನಿ."

ಅವರ ಕಾಗದವನ್ನೇ ಮಗುಚಿ ಹಾಕಿ ಅದರ ಬೆನ್ನಿನ ಮೇಲೆ ಬರೆದೆ. ಏಳನೇ ಕ್ಲಾಸಿನ ಅಕ್ಷರ. ಕುಡುಗೋಲು ಹಿಡಿದ ಬೆರಳು, ಪೆನ್ನು ಜಾರುತ್ತಿತ್ತು. ಬರೆಯುತ್ತಾ ಗಟ್ಟಿಯಾಗಿ ಓದಿದೆ. ಮುನಿಯಕ್ಕ ಹೊಟ್ಟೆ ಕೆಟ್ಟು ಟಾಯ್ಲೆಟ್ಟಿನ ಬೀಗದ ಕೈ ಕೇಳಿದಳು. ಗಂಗಾದೇವಿ ಎಂಬ ನಾನು ಕೊಡಲಿಲ್ಲ. ಆದಿನಾರಾಯಣ ಕೊಡಬಾರದು ಎಂದಿದ್ದ. ನಾನು ಒಂದು ಸಲ ಕೂತದ್ದಕ್ಕೆ ಆರು ಜನರ ಮುಂದೆ ನನ್ನಿಂದಲೇ ಮತ್ತೆ ತೊಳೆಸಿದ್ದ. ಬೀಗದ ಕೈ ಕೊಡುವುದಿಲ್ಲ ಎಂದು ಜೂನ್ ತಿಂಗಳಲ್ಲಿ ಮುನಿಯಕ್ಕ ಎದ್ದು ನಿಂತು ಭಾನುಪ್ರಕಾಶ್ ಸಾರಿಗೆ ಹೇಳಿದ್ದಾಳೆ. ಅವರು ನೀಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ.

ತಲೆಯೆತ್ತಿದೆ. ಆ ನೋಟ್‌ಬುಕ್ ಅವರ ಜೇಬಿನಲ್ಲೇ ಇತ್ತು.

"ಅದುನ್ನ ತಗೀರಿ ಸಾರ್. ಏನು ಬರ್ಕೊಂಡಿದ್ರಿ ಓದಿ."

ಅವರು ಜೇಬಿನ ಮೇಲೆ ಕೈ ಇಟ್ಟುಕೊಂಡರು. ತೆಗೆಯಲಿಲ್ಲ.

"ಕನ್ನಡದಲ್ಲಿ ಬರೆದ್ರೆ ಯಾರಮ್ಮಾ ಓದ್ತಾರೆ?" ಎಂದರು. ದನಿ ಇಳಿದಿತ್ತು.

"ಹಿಂದೂಪುರದಲ್ಲಿ ಕನ್ನಡ ಓದೋರು ಬೇಕಾದಷ್ಟು ಜನ ಅವ್ರೆ ಸಾರ್. ನೀವೂ ಓದ್ತೀರ."

ಸಹಿ ಹಾಕಿದೆ. ನನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಎದ್ದು ಆದಿನಾರಾಯಣನ ಕುರ್ಚಿಯ ಹಿಂದಕ್ಕೆ ಹೋದೆ. ದಿನವೂ ಎಂಟೂವರೆಗೆ ಮಾಡುವ ಹಾಗೆಯೇ ಕೈ ಚಾಚಿ ಮೊಳೆಯಿಂದ ಬೀಗದ ಕೈ ತೆಗೆದೆ.

"ಏಯ್, ಅದ್ಯಾಕೆ? ಈವಾಗ ತೊಳೀಬೇಕಾಗಿಲ್ಲ."

"ತೊಳ್ಯಾಕಲ್ಲ" ಎಂದೆ.

ಬೀರಕ್ಕ ಮತ್ತು ಉಳಿದವರು ಅಂಗಳದ ಬೇವಿನ ಮರದ ಕೆಳಗೆ ಕಾದಿದ್ದರು. ಮುನಿಯಕ್ಕನ ತಟ್ಟೆಯನ್ನು ನಾನು ಅವತ್ತಿನಿಂದ ನನ್ನ ಚೀಲದಲ್ಲೇ ಇಟ್ಟುಕೊಂಡಿದ್ದೆ. ತೆಗೆದು ಕುಡುಗೋಲಿನ ಹಿಡಿಯಿಂದ ಬಡಿದೆ.

"ಏಳ್ರಕ್ಕಾ. ತಟ್ಟೆ ತಗಳ್ಳಿ. ಹೊರಕಡೆಗೆ ಹೋಗಾನ."

ಬೀರಕ್ಕ ನನ್ನ ಕೈಯಲ್ಲಿದ್ದ ಕೆಂಪು ರಿಬ್ಬನ್ ನೋಡಿದಳು. ಮುನಿಯಕ್ಕ ಆಸ್ಪತ್ರೆಯಲ್ಲಿ ಹೇಳಿದ್ದನ್ನು ನಾನು ಅವಳಿಗೆ ಹೇಳಿದ್ದೆ. ಬೇರೆ ವಿವರ ಬೇಕಾಗಲಿಲ್ಲ. ಸೆರಗಿನೊಳಗಿದ್ದ ನೀರಿನ ಬಾಟಲಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಮರದ ಬುಡದಲ್ಲಿ ಇಟ್ಟಳು. ತಟ್ಟೆ ಎತ್ತಿಕೊಂಡಳು.

ಎಂಟು ತಟ್ಟೆಗಳ ಸದ್ದು ಆ ಅಂಗಳಕ್ಕೆ ಜಾಸ್ತಿಯಾಯಿತು. ಗೇಟಿನವರು ಎದ್ದು ನಿಂತರು. ಓಬಣ್ಣ ಜೀಪಿನಿಂದ ಇಳಿದ. ನಾವು ಸಾಲಾಗಿ, ಗುಡ್ಡ ಹತ್ತುವ ಹಾಗೆಯೇ, ಅಂಗಳದ ನಡುವೆ ನಡೆದೆವು. ಬೀರಕ್ಕ ಗಂಟಲು ಹರಿಯುವ ಹಾಗೆ ಕೂಗಿದಳು.

"ಹೋ... ಉಚ್ಚೆ ಉಯ್ಯಾಕೆ ಹೋಯ್ತಾ ಇದೀವಪ್ಪಾ! ಹೇಲಾಕೆ ಹೋಯ್ತಾ ಇದೀವಿ! ದಾರಿ ಬಿಡ್ರಪ್ಪಾ, ದಾರಿ ಬಿಡ್ರಿ!"

ಟೂರ್ ಎಂದು ನಗುತ್ತಿದ್ದವರು ಅಲ್ಲೇ ಇದ್ದರು. ಒಬ್ಬನೂ ನಗಲಿಲ್ಲ. ಕೆಲವರು ನೆಲ ನೋಡಿದರು. ಓಬಣ್ಣ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. ಆದಿನಾರಾಯಣ ಬಾಗಿಲಲ್ಲಿ ನಿಂತು ನಾಳೆಯಿಂದ ಒಬ್ಬಳೂ ಬರಬೇಡಿ ಎಂದು ಕಿರುಚುತ್ತಿದ್ದ. ತಟ್ಟೆಯ ಸದ್ದಿನಲ್ಲಿ ಅದು ನಮಗೆ ಪೂರ್ತಿ ಕೇಳಿಸಲಿಲ್ಲ. ನಾಳೆ ಕೆಲಸ ಇರುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಹೆದರಿಕೆ ಇತ್ತು. ಬಡಿಯುತ್ತಲೇ ಇದ್ದೆ.

ಬೀಗ ತೆಗೆದೆ. ಒಬ್ಬೊಬ್ಬರೇ ಹೋಗಿ ಬಂದರು. ಒಳಗಿದ್ದವಳು ಹೊರಗೆ ಬರುವವರೆಗೆ ಹೊರಗಿದ್ದವರು ತಟ್ಟೆ ನಿಲ್ಲಿಸಲಿಲ್ಲ. ಬೀರಕ್ಕ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಸೋಪು ಹಾಕಿ ಕೈ ತೊಳೆದು, ಒದ್ದೆ ಕೈಯನ್ನು ಆದಿನಾರಾಯಣನ ಕಡೆ ಕೊಡವಿ ಬಂದಳು.

ಕೊನೆಗೆ ನಾನು ಹೋದೆ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲು ಹಾಕಿಕೊಂಡೆ. ದಿನವೂ ಉಜ್ಜುವ ಜಾಗದ ಮೇಲೆ ನಿಧಾನವಾಗಿ ಕೂತೆ. ಹೊರಗೆ ಏಳು ತಟ್ಟೆಗಳು ಬಡಿಯುತ್ತಿದ್ದವು. ಎದ್ದು ಫ್ಲಶ್ ಒತ್ತಿದೆ. ನೀರು ಹೋಯಿತು. ಮೇಲಿನ ತೊಟ್ಟಿ ತುಂಬುವವರೆಗೆ ಅಲ್ಲೇ ನಿಂತು ಕಾದೆ. ತುಂಬಿತು.

ಇನ್ನೊಂದು ಸಲ ಒತ್ತಿದೆ.